ಹುಲಿಯ ಸುತ್ತ ಬಿಟ್ಟ ಜಾಗ

ಈಚೆಗೆ ದೊಡ್ಡಮಳೂರಿನ ಅಪ್ರಮೇಯಸ್ವಾಮಿ ದೇವಸ್ಥಾನದ ಮುಂದೆ ನನ್ನ ಸೋದರಳಿಯ ತನ್ನ ಮೊಬೈಲಿನಲ್ಲಿದ್ದ ಚಿರತೆಯ ಚಿತ್ರವೊಂದನ್ನು ತೋರಿಸಿದ. ಪರದೆಯ ತುಂಬ ಮುಖವೇ. ಎಲ್ಲಿ ತೆಗೆದದ್ದೆಂದು ಕೇಳಿದೆ. ಮೂಲ ಚಿತ್ರದಲ್ಲಿ ಬಂಡೆ, ರಾಗಿ ಹೊಲ, ವಿದ್ಯುತ್ ಕಂಬ ಎಲ್ಲವೂ ಇದ್ದವಂತೆ. ನೋಡಲು ಚೆನ್ನಾಗಿರಲೆಂದು ಅವನ್ನೆಲ್ಲ ಕತ್ತರಿಸಿದ್ದನಂತೆ. ರಾಮನಗರ, ಮಾಗಡಿ, ಕನಕಪುರದ ಬಂಡೆಗುಡ್ಡಗಳಲ್ಲಿ ಚಿರತೆ ಹೊಸತೇನಲ್ಲ. ಆದರೆ ಆ ಮುಖವನ್ನು ನೋಡಿದವರು ಅದು ಚನ್ನಪಟ್ಟಣದ ಸುತ್ತಿನದೋ ಆಫ್ರಿಕದ್ದೋ ಎಂದು ಹೇಳಲಾರರು. ಆಗ ನನಗೆ ಎಫ್.ಡಬ್ಲ್ಯು. ಚಾಂಪಿಯನ್ ನೆನಪಾದರು.

ಜಿಮ್ ಕಾರ್ಬೆಟ್ ಮತ್ತು ಕೆನೆತ್ ಆಂಡರ್ಸನ್ ಕನ್ನಡಿಗರಿಗೆ ಮನೆಯವರಷ್ಟೇ ಪರಿಚಿತರು. ಕಾರ್ಬೆಟ್ ಕೈಗೆ ಬಂದೂಕಿನ ಬದಲು ಕ್ಯಾಮೆರಾ ಬರಲು ಪ್ರೇರಣೆಯಾದ ಚಾಂಪಿಯನ್ನರ ಹೆಸರು ನಮ್ಮಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. ಫ್ರೆಡರಿಕ್ ವಾಲ್ಟರ್ ಚಾಂಪಿಯನ್ ಇಂಗ್ಲೆಂಡಿನಲ್ಲಿ 1893ರಲ್ಲಿ ಹುಟ್ಟಿದರು. ತಂದೆ ಹೆಸರಾಂತ ಕೀಟಶಾಸ್ತ್ರಜ್ಞರು. ಅಣ್ಣ ಹ್ಯಾರಿ ಚಾಂಪಿಯನ್ ಭಾರತದ ಅರಣ್ಯಗಳನ್ನು ವರ್ಗೀಕರಿಸಿದವರು; ಅರಣ್ಯ ಇಲಾಖೆಯ ಕಡತಗಳಲ್ಲಿ ಆ ಹೆಸರನ್ನು ನಾನೇ ಎಷ್ಟೋ ಸಲ ಓದಿದ್ದೇನೆ. ತಮ್ಮ 1913ರಲ್ಲಿ ಭಾರತಕ್ಕೆ ಬಂದು ಪೂರ್ವ ಬಂಗಾಳದ ಪೊಲೀಸ್ ಸೇವೆಗೆ ಸೇರಿದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದಲ್ಲಿದ್ದು, ನಂತರ ಸಂಯುಕ್ತ ಪ್ರಾಂತದ ಅರಣ್ಯ ಸೇವೆಗೆ ಬಂದರು. 1947ರವರೆಗೆ ಅಲ್ಲಿಯೇ ಇದ್ದು ಪೂರ್ವ ಆಫ್ರಿಕಕ್ಕೆ ಹೋದರು. 1970ರಲ್ಲಿ ತೀರಿಕೊಂಡರು.

ಹುಲಿಯನ್ನು ಹೊಡೆಯುವುದು ದೊಡ್ಡ ಅಧಿಕಾರಿಯ ಲಕ್ಷಣವೆಂದು ಭಾವಿಸಿದ್ದ ಕಾಲವದು. ಅಂಥ ಸೇವೆಯೊಳಗಿದ್ದುಕೊಂಡೇ ಚಾಂಪಿಯನ್ ಬೇಟೆಯಿಂದ ದೂರ ಉಳಿದರು. ಬಂದೂಕಿನ ಪರವಾನಗಿಗೆ, ಕಾಯ್ದಿಟ್ಟ ಅರಣ್ಯದೊಳಗೆ ಮೋಟಾರುಗಾಡಿಗಳ ಓಡಾಟಕ್ಕೆ ಮಿತಿ ಇರಬೇಕೆಂದು ವಾದಿಸಿದರು. ಮೇಲಿನವರ ಅಭಿರುಚಿಗೆ ವಿರುದ್ಧವಾಗಿ ಬರೆಯುವುದು ಎಷ್ಟು ಕಷ್ಟವೆಂಬುದು ಸರ್ಕಾರಿ ನೌಕರಿ ಮಾಡಿದವರಿಗೆ ಗೊತ್ತು.

ಶಿವಾಲಿಕ ಬೆಟ್ಟಗಳ ತಪ್ಪಲಿನ ಕಾಡುಗಳಲ್ಲಿ ಅವರು ಮಾಡಿದ ಕೆಲಸ ವಿಶಿಷ್ಟವಾದದ್ದು. ಹಗಲಲ್ಲಿ ಆನೆಯ ಮೇಲೆ ಕುಳಿತು ಚಿತ್ರ ತೆಗೆಯುತ್ತಿದ್ದರು. ರಾತ್ರಿಯ ವಿಧಾನವೇ ಬೇರೆ. ಹುಲಿ ನಡೆದಾಡುವ ದಾರಿಗೆ ಅಡ್ಡಲಾಗಿ ಸಣ್ಣ ತಂತಿ ಎಳೆದು, ಬದಿಯಲ್ಲಿ ಕ್ಯಾಮೆರಾವನ್ನೂ ಮೆಗ್ನೀಸಿಯಂ ಪುಡಿಯ ದೀಪವನ್ನೂ ಇಟ್ಟು ಮನೆಗೆ ಹೋಗುತ್ತಿದ್ದರು. ತಂತಿಗೆ ಕಾಲು ತಗುಲಿದೊಡನೆ ಪುಡಿ ಹೊತ್ತಿ, ಹುಲಿ ತನ್ನ ಚಿತ್ರವನ್ನು ತಾನೇ ತೆಗೆದುಕೊಳ್ಳುತ್ತಿತ್ತು. ಒಂದು ಸಲ ಪುಡಿ ಉರಿದರೆ ಆ ಕ್ಯಾಮೆರಾದ ಅಂದಿನ ಕೆಲಸ ಮುಗಿದಂತೆ. ಎಷ್ಟೋ ರಾತ್ರಿಗಳು ಹೀಗೆ ವ್ಯರ್ಥವಾದವು. ಕೊನೆಗೆ 1925ರ ಅಕ್ಟೋಬರ್ 3ರಂದು ಲಂಡನ್ನಿನ 'ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್' ಅವರ ಹುಲಿಯನ್ನು ಮುಖಪುಟದಲ್ಲಿ ಅಚ್ಚುಹಾಕಿತು. 'ವಿತ್ ಎ ಕ್ಯಾಮೆರಾ ಇನ್ ಟೈಗರ್‌ಲ್ಯಾಂಡ್' ಪುಸ್ತಕ 1927ರಲ್ಲಿ ಬಂತು.

ಇಲ್ಲಿ ಗಮನಿಸಬೇಕಾದದ್ದು ಚೌಕಟ್ಟಿನ ವಿಚಾರ. ಛಾಯಾಗ್ರಾಹಕ ಸ್ಥಳದಲ್ಲಿಲ್ಲ; ಹುಲಿ ಯಾವ ಕಡೆಯಿಂದ ಬರುವುದೆಂದೂ ತಿಳಿಯದು. ಆದ್ದರಿಂದ ಸಂಯೋಜನೆಯೆಲ್ಲ ಮುಂಚಿತವಾಗಿಯೇ ಮುಗಿಯಬೇಕು. ಕ್ಯಾಮೆರಾ ತೀರ ಹತ್ತಿರವಾದರೆ ತಲೆಯೋ ಬಾಲವೋ ಚೌಕಟ್ಟಿನ ಹೊರಗೆ. ದೂರವಾದರೆ ಪುಡಿಯ ಬೆಳಕು ಸಾಲದು. ಎತ್ತರಕ್ಕಿಟ್ಟರೆ ಹುಲಿ ಕುಳ್ಳಗೆ ಕಾಣುತ್ತದೆ. ಬರಲಿರುವ ಪ್ರಾಣಿಗಾಗಿ ಸುತ್ತಲೂ ಜಾಗ ಬಿಡಲೇಬೇಕಿತ್ತು. ಹಾಗೆ ಬಿಟ್ಟ ಜಾಗದಲ್ಲಿ ಹುಲ್ಲು, ಕಲ್ಲು, ಕಾಲುದಾರಿ ತಾವಾಗಿಯೇ ಬಂದು ಕುಳಿತವು. ಹುಲಿ ಎಲ್ಲಿಯದೆಂಬ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ.

ಇಡೀ ದೇಹ ಚಿತ್ರದಲ್ಲಿ ಸಿಕ್ಕಿದ್ದರಿಂದ ಇನ್ನೊಂದು ಲಾಭವಾಯಿತು. ಒಂದು ಹುಲಿಯ ಪಟ್ಟೆ ಇನ್ನೊಂದರದ್ದನ್ನು ಹೋಲುವುದಿಲ್ಲ, ಒಂದೇ ಹುಲಿಯ ಎಡ ಬಲ ಮಗ್ಗುಲುಗಳೂ ಬೇರೆ ಬೇರೆ ಎಂಬುದನ್ನು ಗಮನಿಸಿ ಚಾಂಪಿಯನ್ ಹುಲಿಗಳನ್ನು ಒಂದೊಂದಾಗಿ ಗುರುತಿಸಿದರು. 1990ರ ದಶಕದ ಆರಂಭದಲ್ಲಿ ನಮ್ಮ ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ದಾರಿಯ ಎರಡೂ ಬದಿಗೆ ಕ್ಯಾಮೆರಾ ಇಟ್ಟು, ಪಟ್ಟೆಗಳ ಆಧಾರದಿಂದ ಹುಲಿಗಳ ಸಂಖ್ಯೆಯನ್ನು ಅಂದಾಜು ಮಾಡಿದರು. ಮೊದಲ ಸಲ ಸಿಕ್ಕ ಹುಲಿಗಳಲ್ಲಿ ಎಷ್ಟು ಮತ್ತೆ ಸಿಕ್ಕವೆಂಬುದರಿಂದ ಸಿಗದೇ ಉಳಿದವನ್ನು ಲೆಕ್ಕ ಹಾಕುವ ಈ ಕ್ರಮ, ಮಾದರಿ ಸಮೀಕ್ಷೆಯನ್ನು ಓದಿದ ನನ್ನಂಥ ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಸಂತೋಷ ಕೊಡುವಂಥದ್ದು. ಹೆಜ್ಜೆಗುರುತು ಎಣಿಸುವ ಹಳೆಯ ಪದ್ಧತಿಯನ್ನು ಸರ್ಕಾರ ಕೈಬಿಡಲು ಮಾತ್ರ 2005ರಲ್ಲಿ ಸಾರಿಸ್ಕಾ ಬರಿದಾದದ್ದು ಬೆಳಕಿಗೆ ಬರಬೇಕಾಯಿತು. ಚಿರತೆಯ ಮೈಮೇಲಿನ ಚುಕ್ಕೆಗಳಿಂದಲೂ ಇದೇ ಲೆಕ್ಕ ಸಾಧ್ಯ. ಮುಖವನ್ನಷ್ಟೇ ಉಳಿಸಿ ಮಗ್ಗುಲನ್ನು ಕತ್ತರಿಸಿದರೆ ಆ ಗುರುತು ಹೋಯಿತು.

ಕತ್ತರಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಅಂಚಿನಲ್ಲಿ ಹೊಳೆಯುವ ಎಲೆಯೊಂದು ಕಣ್ಣನ್ನು ಅತ್ತ ಎಳೆಯುತ್ತಿದ್ದರೆ ತೆಗೆಯಲಿ. ಪ್ರಾಣಿ ನೋಡುತ್ತಿರುವ ದಿಕ್ಕಿನಲ್ಲಿ ಒಂದಿಷ್ಟು ಬಯಲು, ಅದರ ಕಾಲ ಕೆಳಗೆ ನೆಲ ಉಳಿಯಲಿ. ಅಂತರರಾಷ್ಟ್ರೀಯ ಛಾಯಾಚಿತ್ರ ಒಕ್ಕೂಟಗಳ ನಿಸರ್ಗ ವಿಭಾಗದ ನಿಯಮದಲ್ಲಿ ಚಿತ್ರದೊಳಗಿನ ವಸ್ತುವನ್ನು ಅಳಿಸುವಂತಿಲ್ಲ, ಆದರೆ ಅಂಚನ್ನು ಕತ್ತರಿಸಬಹುದು. ವಿದ್ಯುತ್ ಕಂಬ ಅಂಚಿನಲ್ಲಿದ್ದರೆ ಕತ್ತರಿಗೆ ಸಿಕ್ಕೀತು; ಚಿರತೆಯ ಬೆನ್ನ ಹಿಂದೆಯೇ ಇದ್ದರೆ ಉಳಿದೀತು. ನಮ್ಮ ಸೀಮೆಯ ಚಿರತೆಗೆ ಆ ಕಂಬವೂ ವಾಸಸ್ಥಾನದ ಭಾಗವೇ.

ಈ ವಿಷಯದಲ್ಲಿ ನನ್ನದೂ ಒಂದು ತಪ್ಪಿದೆ. ಸೇವೆಯ ಆರಂಭದ ವರ್ಷಗಳಲ್ಲಿ, ಚಿರತೆ ಹಿಡಿಯಲು ಬೋನು ಇಡಬೇಕೆಂಬ ಗ್ರಾಮಸ್ಥರ ಅರ್ಜಿಯೊಂದು ಬಂದಿತ್ತು. ಜೊತೆಗೆ ಬಂಡೆಯ ಮೇಲೆ ಮಲಗಿದ್ದ ಚಿರತೆಯ ದೊಡ್ಡದೊಂದು ಛಾಯಾಚಿತ್ರ. ಕಡತಕ್ಕೆ ಹಿಡಿಯಲಿಲ್ಲವೆಂದು ಎಡಗಡೆಯ ನಾಲ್ಕು ಬೆರಳಷ್ಟನ್ನು ಕತ್ತರಿಯಿಂದ ತೆಗೆದೆ. ಆ ಭಾಗದಲ್ಲಿ ಬಂಡೆಯ ಬುಡಕ್ಕೆ ಕೋಳಿ ಅಂಗಡಿಗಳವರು ಸುರಿದಿದ್ದ ಕಸದ ರಾಶಿ, ಅದಕ್ಕೆ ಮುತ್ತಿದ ಬೀದಿನಾಯಿಗಳು ಇದ್ದವು. ಸಭೆಯಲ್ಲಿ ಎಲ್ಲರೂ ಚಿರತೆಯನ್ನಷ್ಟೇ ನೋಡಿದರು. ಬೋನು ಇಟ್ಟರು, ಚಿರತೆ ಬಿತ್ತು, ದೂರದ ಕಾಡಿಗೆ ಸಾಗಿಸಿದರು. ನಾಯಿಗಳ ಆಸೆಗೆ ವರ್ಷ ತುಂಬುವುದರೊಳಗೆ ಅದೇ ಬಂಡೆಗೆ ಇನ್ನೊಂದು ಚಿರತೆ ಬಂತು, ಅದೇ ಊರಿನಿಂದ ಎರಡನೆಯ ಅರ್ಜಿಯೂ ಬಂತು. ಕತ್ತರಿಸಿದ ತುಂಡಿಗಾಗಿ ಆಗ ಹುಡುಕಿದೆ, ಸಿಗಲಿಲ್ಲ.

ಇದನ್ನೆಲ್ಲ ಸೋದರಳಿಯನಿಗೆ ಹೇಳಿದೆ. ಮೂಲ ಚಿತ್ರವನ್ನು ಅವನಿನ್ನೂ ಅಳಿಸಿಲ್ಲ.