ಭೂಗರ್ಭಶೋಧಕ ರಾಬರ್ಟ್ ಬ್ರೂಸ್ ಫೂಟ್

ಕನ್ನಡ ನಾಡಿನ ಪ್ರಾಚೀನತೆಯನ್ನು ಹೇಳಹೊರಟವರು ಹಲ್ಮಿಡಿಯ ಶಾಸನದಿಂದಲೋ ಬನವಾಸಿಯ ಕದಂಬರಿಂದಲೋ ತೊಡಗುವುದು ವಾಡಿಕೆ. ಹಿರೇಕೆರೂರು ಸೀಮೆಯವರಿಗಂತೂ ಅಬ್ಬಲೂರಿನ ಸೋಮೇಶ್ವರ ದೇವಾಲಯದ ಶಾಸನಶಿಲೆಗಳು ಕಣ್ಣೆದುರಿಗೇ ಇವೆ. ಆ ಶಿಲೆಗಳ ಮೇಲಣ ಅಕ್ಷರಗಳಿಗೆ ಸಾವಿರ ವರ್ಷಗಳೂ ತುಂಬಿಲ್ಲ. ಶಿಲೆಗೇ ವಯಸ್ಸೆಷ್ಟು ಎಂದು ಕೇಳಿದವರು ವಿರಳ. ಜೆ. ಎಫ್. ಫ್ಲೀಟರು ಈ ಪ್ರಾಂತದ ಶಾಸನಗಳನ್ನು ಓದಿ ಪ್ರಕಟಿಸುತ್ತಿದ್ದ ಕಾಲದಲ್ಲಿಯೇ ಮತ್ತೊಬ್ಬ ಆಂಗ್ಲ ವಿದ್ವಾಂಸರು ಇದೇ ನೆಲದ ಕಲ್ಲನ್ನೂ ಮಣ್ಣನ್ನೂ, ಮಣ್ಣಿನಲ್ಲಿ ಹುದುಗಿದ್ದ ಎಲುಬನ್ನೂ ಅಷ್ಟೇ ಶ್ರದ್ಧೆಯಿಂದ ಓದುತ್ತಿದ್ದರು. ಅವರೇ ರಾಬರ್ಟ್ ಬ್ರೂಸ್ ಫೂಟ್.

ಫೂಟರು 1834ರ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಪಟ್ಟಣದಲ್ಲಿ ಜನಿಸಿದರು. ಇಪ್ಪತ್ತನಾಲ್ಕರ ಹರೆಯದಲ್ಲಿ, 1858ರಲ್ಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯನ್ನು ಸೇರಿ ಮದರಾಸಿಗೆ ಬಂದರು. 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ, ಜಂಬಿಟ್ಟಿಗೆಯ ಜಲ್ಲಿಯನ್ನು ಅಗೆದಿದ್ದ ಗುಂಡಿಯೊಂದರಲ್ಲಿ, ಮಾನವಹಸ್ತದಿಂದ ರೂಪುಗೊಂಡ ಶಿಲಾಯುಧವೊಂದು ಅವರ ಕಣ್ಣಿಗೆ ಬಿತ್ತು. ಫ್ರಾನ್ಸಿನ ಸೋಮ್ ನದೀಕಣಿವೆಯ ಕೈಗೊಡಲಿಗಳನ್ನು ಯುರೋಪಿನ ಪಂಡಿತರು ಮಾನವಕೃತಿಗಳೆಂದು ಒಪ್ಪಿ ಆಗ ನಾಲ್ಕೇ ವರ್ಷಗಳಾಗಿದ್ದವು. ಭಾರತದಲ್ಲಿ ಹಳೆಯ ಶಿಲಾಯುಗದ ಮಾನವನು ಇದ್ದನೆಂಬುದಕ್ಕೆ ಆ ಒಂದು ಕಲ್ಲು ಪ್ರಥಮ ಸಾಕ್ಷಿಯಾಯಿತು. ಅದೇ ವರ್ಷ ವಿಲಿಯಂ ಕಿಂಗರೊಡನೆ ಅತ್ತಿರಂಪಾಕ್ಕಂ ಎಂಬಲ್ಲಿಯೂ ಅವರಿಗೆ ಇಂತಹ ಆಯುಧಗಳು ದೊರೆತವು. ಈ ಕೀರ್ತಿಯೇ ಸಾಮಾನ್ಯವಾಗಿ ಪಠ್ಯಪುಸ್ತಕಗಳಲ್ಲಿ ಕಾಣುವುದು. ಕನ್ನಡಿಗರು ವಿಶೇಷವಾಗಿ ಸ್ಮರಿಸಬೇಕಾದದ್ದು ಅದರ ಮುಂದಿನ ಕಥೆ.

ಮುಂದೆ ಅವರಿಗೆ ವಹಿಸಲಾದ ಕೆಲಸ ಸರ್ಕಾರಿ ಕಡತಗಳಲ್ಲಿ ದಕ್ಷಿಣ ಮರಾಠಾ ಸೀಮೆಯೆನಿಸಿದ್ದ ಪ್ರದೇಶದ ಭೂಪರಿಶೀಲನೆ. ಹೆಸರೇನೋ ಮರಾಠಾ; ನೆಲದ ಬಹುಭಾಗ ಬೆಳಗಾವಿ, ವಿಜಾಪುರ, ಧಾರವಾಡಗಳ ಅಚ್ಚಕನ್ನಡ ನೆಲ! ಮಲಪ್ರಭಾ, ಘಟಪ್ರಭಾ ಕಣಿವೆಗಳಲ್ಲಿ ಅವರು ಶಿಲಾಯುಧಗಳನ್ನು ಕಂಡರು. 1874ರಲ್ಲಿ ಡಂಬಳದ ಗುಡ್ಡಗಳ ಹೊನ್ನಿನ ಕಲ್ಲುಗಳ ಮೇಲೆ ಬರೆದರು. ಸಮಗ್ರ ವರದಿ 1876ರಲ್ಲಿ ಹೊರಬಂದಿತು.

ಈ ಪರ್ಯಟನೆಯಲ್ಲಿಯೇ, ಗೋಕಾಕದ ಸಮೀಪದಲ್ಲಿ, ಅವರ ಬರಹದಲ್ಲಿ ಚಿಕದೌಲಿ ಎಂದು ಕಾಣುವ ಹಳ್ಳಿಯ ಬಳಿ, ಹಳೆಯ ಮಣ್ಣಿನ ಪದರದಲ್ಲಿ ಕಲ್ಲಾಗಿದ್ದ ಎಲುಬುಗಳು ದೊರೆತವು. ಇಂತಹ ಎಲುಬುಗಳನ್ನು ಪಾಮರರು ರಾಕ್ಷಸರದೆಂದು ಬಗೆಯುವುದುಂಟು. ಅವಸರದ ಪಂಡಿತನಾದರೆ ಆನೆಯದೋ ಎಮ್ಮೆಯದೋ ಎಂದು ಬರೆದು ಮುಗಿಸುತ್ತಿದ್ದ. ಫೂಟರು ದವಡೆಯನ್ನೂ ಹಲ್ಲುಗಳನ್ನೂ ಗೊತ್ತಿದ್ದ ಜಾತಿಗಳ ಎಲುಬುಗಳೊಂದಿಗೆ ಹೋಲಿಸಿ ನೋಡಿದರು. ಅದು ಖಡ್ಗಮೃಗ. ಆದರೆ ಆಗ ಬದುಕಿದ್ದ ಯಾವ ಖಡ್ಗಮೃಗದೊಡನೆಯೂ ಅದರ ರಚನೆ ಸರಿಹೊಂದಲಿಲ್ಲ. 1874ರಲ್ಲಿ ಅದನ್ನು ಹೊಸ ಜಾತಿಯೆಂದು ಸಾರಿ ರೈನೋಸರಸ್ ಡೆಕನೆನ್ಸಿಸ್, ಎಂದರೆ ದಖ್ಖನ್ನಿನ ಖಡ್ಗಮೃಗ, ಎಂದು ನಾಮಕರಣ ಮಾಡಿದರು.

ಅಮರಕೋಶವನ್ನು ಬಾಯಿಪಾಠ ಮಾಡಿದ ಪ್ರತಿಯೊಬ್ಬ ವಿದ್ಯಾರ್ಥಿಗೂ ಗಂಡಕ, ಖಡ್ಗಿ ಎಂಬ ನಾಮಗಳು ಗೊತ್ತು. ಬಯಲುಸೀಮೆಯಲ್ಲಿ ಆ ಪ್ರಾಣಿಯನ್ನು ಕಂಡವರು ಮಾತ್ರ ಯಾರೂ ಇಲ್ಲ. ಇಂದು ಭಾರತದ ಖಡ್ಗಮೃಗವೆಂದರೆ ಮುಖ್ಯವಾಗಿ ಅಸ್ಸಾಮಿನ ಕಾಜಿರಂಗದಂತಹ ಜೌಗುನೆಲದ, ಆಳೆತ್ತರದ ಹುಲ್ಲಿನ ಪ್ರಾಣಿ. ಅದಕ್ಕೆ ವರ್ಷವಿಡೀ ನೀರು ಬೇಕು, ಹೊರಳಲು ಕೆಸರು ಬೇಕು, ಮೇಯಲು ಹಸಿರು ಬೇಕು. ಸಹ್ಯಾದ್ರಿಯು ಮುಂಗಾರಿನ ಮೋಡವನ್ನು ತಡೆದು ಪಡುವಣಕ್ಕೇ ಸುರಿಸಿಬಿಡುವುದರಿಂದ ಗೋಕಾಕದ ಮೂಡಣ ಬಯಲಿಗೆ ಸಿಗುವುದು ಅಳಿದುಳಿದ ಮಳೆ. ಅಲ್ಲಿಯ ರೈತ ಆಕಾಶ ನೋಡುತ್ತ ಜೋಳ ಬಿತ್ತುವವನು. ಅಂತಹ ನೆಲದಲ್ಲಿ ಈ ಜಲಪ್ರಿಯ ಪ್ರಾಣಿವರ್ಗದ ದವಡೆ ದೊರೆತಿತೆಂದರೆ, ಒಂದು ಕಾಲಕ್ಕೆ ಅಲ್ಲಿ ನೀರೂ ಹುಲ್ಲೂ ಇಂದಿಗಿಂತ ಸಮೃದ್ಧವಾಗಿದ್ದಿರಬೇಕು. ನಮ್ಮ ಪ್ರಸ್ಥಭೂಮಿ ಅನಾದಿಯಿಂದಲೂ ಹೀಗೆಯೇ ಒಣಗಿತ್ತೆಂಬ ನಂಬಿಕೆಯನ್ನು ಒಂದು ದವಡೆ ಅಲುಗಿಸಿತು. ಬರಗಾಲದ ಸೀಮೆಯಲ್ಲಿ ಬಾಳುವವರಿಗೆ ಇದು ಕೇವಲ ಕುತೂಹಲದ ಸಂಗತಿಯಲ್ಲ.

ಬಳ್ಳಾರಿ ಸೀಮೆಯಲ್ಲಿ ಅವರು ಕಪ್ಪಗಲ್ಲು ಬೆಟ್ಟದ ನೆತ್ತಿಯಲ್ಲಿ ನವಶಿಲಾಯುಗದವರು ಕೊಡಲಿ ಮಾಡುತ್ತಿದ್ದ ಕಮ್ಮಟವನ್ನೇ ಕಂಡುಹಿಡಿದರು. ಅಲ್ಲಿಯ ಬೂದಿದಿಬ್ಬಗಳ ವಿಷಯ ಇನ್ನೂ ರೋಚಕ. ಹಂಪೆಯ ಬಳಿಯ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತಾಭಸ್ಮವೆಂದೇ ಜನ ಪೂಜ್ಯಭಾವದಿಂದ ಕಾಣುತ್ತಾರೆ. ಫೂಟರು ಇಂತಹ ದಿಬ್ಬಗಳನ್ನು ಪರೀಕ್ಷಿಸಿ, ಇವು ಪ್ರಾಚೀನ ಗೋಪಾಲಕರ ದೊಡ್ಡಿಗಳಲ್ಲಿ ಸಂಗ್ರಹವಾದ ಸಗಣಿ ಸುಟ್ಟು ಉಳಿದ ಬೂದಿ ಎಂಬ ನಿರ್ಣಯಕ್ಕೆ ಬಂದರು. ದಶಕಗಳ ತರುವಾಯ ಎಫ್. ಆರ್. ಆಲ್ಚಿನ್ನರು ತೆಲಂಗಾಣದ ಉಟ್ನೂರಿನ ದಿಬ್ಬವನ್ನು ಅಗೆದಾಗ ಬೂದಿಯ ಪದರದಲ್ಲಿ ದನಗಳ ಗೊರಸಿನ ಗುರುತುಗಳೇ ಕಂಡವು. 1963ರಲ್ಲಿ ಪ್ರಕಟವಾದ ಅವರ ಗ್ರಂಥ ಫೂಟರ ಊಹೆಯನ್ನು ಸ್ಥಾಪಿಸಿತು.

ಕರ್ನೂಲು ಸೀಮೆಯ ಬಿಲ್ಲಸುರ್ಗಂ ಗವಿಗಳಲ್ಲಿ ಎಲುಬುಗಳಿರುವುದನ್ನು ಕ್ಯಾಪ್ಟನ್ ನ್ಯೂಬೋಲ್ಡರು 1844ರಲ್ಲಿಯೇ ತಿಳಿಸಿದ್ದರು. ಫೂಟರೂ ಅವರ ಮಗ ಹೆನ್ರಿಯೂ 1880ರ ದಶಕದಲ್ಲಿ ಅಲ್ಲಿ ಅಗೆದು, ರಾಶಿ ರಾಶಿಯಾಗಿ ದೊರೆತ ಎಲುಬುಗಳನ್ನು ಪ್ರಾಣಿತಜ್ಞ ಲಿಡೆಕ್ಕರರ ವಶಕ್ಕೆ ಒಪ್ಪಿಸಿದರು. ಕೆಲವು ಎಲುಬುಗಳು ಆಫ್ರಿಕದ ಪ್ರಾಣಿಗಳದೆಂದು ಲಿಡೆಕ್ಕರರು 1886ರಲ್ಲಿ ಬರೆದದ್ದು ವಿದ್ವಜ್ಜನರಲ್ಲಿ ಬಹುಕಾಲ ಚರ್ಚೆಗೆ ಎಡೆಯಾಯಿತು. ಅದೇ ಗವಿಗಳನ್ನು ನಮ್ಮ ಕಾಲದ ಸಂಶೋಧಕರು ಮತ್ತೆ ಅಗೆದು 2014ರಲ್ಲಿ ಪ್ರಕಟಿಸಿದ ಫಲಿತಾಂಶ ಗಮನಾರ್ಹ. ಅಲ್ಲಿ ಗುರುತಿಸಲಾದ 21 ಬಗೆಯ ಸ್ತನಿಗಳಲ್ಲಿ 20 ಬಗೆಗಳು ಕನಿಷ್ಠ ಒಂದು ಲಕ್ಷ ವರ್ಷಗಳಿಂದ ಇಂದಿನವರೆಗೂ ಉಪಖಂಡದಲ್ಲಿ ಉಳಿದುಬಂದಿವೆ. ಕೆಲವು ತಮ್ಮ ಹಳೆಯ ನೆಲೆಗಳನ್ನು ಬಿಟ್ಟು ಬೇರೆಡೆ ಆಶ್ರಯ ಪಡೆದಿವೆ. ಹವೆಯ ಏರುಪೇರುಗಳನ್ನೆಲ್ಲ ಸಹಿಸಿ ಬಂದ ಇಂತಹ ಪ್ರಾಣಿಸಂಕುಲಕ್ಕೆ ಇಂದು ಕಾಡೇ ಉಳಿಯುತ್ತಿಲ್ಲವೆಂಬುದು ಬೇರೆ ಮಾತು.

ಹಿರೇಕೆರೂರಿನವರಿಗೆ ಹತ್ತಿರವಾದ ಇನ್ನೊಂದು ಉಪಕಾರವೂ ಉಂಟು. ಶಿವಮೊಗ್ಗದಿಂದ ಈ ಸೀಮೆಯನ್ನು ಹಾದು ಧಾರವಾಡದತ್ತ ಸಾಗುವ ಪದರಶಿಲೆಗಳ ಪಟ್ಟಿಯನ್ನೂ, ಇಂತಹ ಇತರ ಪಟ್ಟಿಗಳನ್ನೂ ಒಂದೇ ವರ್ಗಕ್ಕೆ ಸೇರಿಸಿ 1880ರ ದಶಕದಲ್ಲಿ ಧಾರವಾಡ ಶಿಲಾವರ್ಗವೆಂದು ಕರೆದವರು ಫೂಟರೇ. ಆ ಕಲ್ಲುಗಳ ವಯಸ್ಸು 250 ಕೋಟಿ ವರ್ಷಗಳಿಗೂ ಮಿಗಿಲೆಂದು ಈಗ ಗೊತ್ತಾಗಿದೆ. ಜಗತ್ತಿನ ಭೂವಿಜ್ಞಾನಿಗಳ ಬಾಯಲ್ಲಿ ಧಾರವಾಡದ ಹೆಸರು ನೆಲೆಗೊಂಡದ್ದು ಹೀಗೆ.

ಅವರ ನಿರ್ಣಯಗಳೆಲ್ಲವೂ ನಿಂತಿವೆಯೆಂದಲ್ಲ. ಹಳೆಯ ಶಿಲಾಯುಗಕ್ಕೂ ನವಶಿಲಾಯುಗಕ್ಕೂ ನಡುವೆ ಜನವಸತಿಯಿಲ್ಲದ ದೀರ್ಘ ಅಂತರವಿತ್ತೆಂದು ಅವರು ಭಾವಿಸಿದ್ದರು; ನಡುವಣ ಕಾಲದ ಸೂಕ್ಷ್ಮ ಶಿಲಾಯುಧಗಳು ಮುಂದೆ ವಿಪುಲವಾಗಿ ದೊರೆತು ಆ ಮಾತು ಬಿದ್ದುಹೋಯಿತು. ಕೆ. ಪದ್ದಯ್ಯನವರ ತಂಡ ಸುರಪುರ ಸೀಮೆಯ ಇಸಾಂಪುರದಲ್ಲಿ ಶಿಲಾಯುಧಗಳ ಜೊತೆಗೆ ದೊರೆತ ಪ್ರಾಣಿಗಳ ಹಲ್ಲುಗಳಿಂದ ಕಾಲವನ್ನು ಎಣಿಸಿದಾಗ ಸುಮಾರು 12 ಲಕ್ಷ ವರ್ಷಗಳೆಂದು ಬಂದಿತು. ಎಲುಬನ್ನೂ ಆಯುಧವನ್ನೂ ಅವು ಬಿದ್ದಿದ್ದ ಮಣ್ಣನ್ನೂ ಒಟ್ಟಿಗೆ ಓದುವ ಈ ಕ್ರಮಕ್ಕೆ ನಮ್ಮಲ್ಲಿ ದಾರಿ ತೆಗೆದವರಲ್ಲಿ ಫೂಟರು ಮೊದಲಿಗರು.

ಮೂವತ್ತಮೂರು ವರ್ಷಗಳ ಸೇವೆಯ ನಂತರ 1891ರಲ್ಲಿ ನಿವೃತ್ತರಾದರೂ ಅವರು ಸುಮ್ಮನೆ ಕೂರಲಿಲ್ಲ. ಬರೋಡಾ ಸಂಸ್ಥಾನಕ್ಕಾಗಿ ದುಡಿದರು. 1894ರಲ್ಲಿ ಮೈಸೂರು ಸಂಸ್ಥಾನವು ಭೂವಿಜ್ಞಾನ ಇಲಾಖೆಯನ್ನು ತೆರೆದಾಗ ಅದರ ಪ್ರಥಮ ಹೊಣೆಯನ್ನು ಹೊತ್ತರು. ಬಳ್ಳಾರಿ ಜಿಲ್ಲೆಯನ್ನು ಕುರಿತ ಅವರ ಗ್ರಂಥ 1895ರಲ್ಲಿ ಬಂದಿತು. ಕೊನೆಗಾಲದಲ್ಲಿ ಸೇಲಂ ಬಳಿಯ ಯೇರ್ಕಾಡ್ ಬೆಟ್ಟದ ಮೇಲೆ ನೆಲೆಸಿ, ನಾಲ್ಕು ದಶಕ ಕೂಡಿಸಿದ ಪ್ರಾಚೀನ ವಸ್ತುಗಳನ್ನು ಒಂದೊಂದಾಗಿ ಎತ್ತಿ ನೋಡಿ, ಯಾವುದು ಯಾವ ಊರಿನದೆಂದು ಪಟ್ಟಿ ಬರೆಯತೊಡಗಿದರು. ಸ್ಥಳ ತಿಳಿಯದ ಶಾಸನದ ತುಂಡನ್ನು ಎದುರಿಗಿಟ್ಟುಕೊಂಡು ಪೇಚಾಡಿದವರಿಗೆ ಈ ಪಟ್ಟಿಯ ಬೆಲೆ ಗೊತ್ತಾಗದಿರದು. ಸಂಗ್ರಹವನ್ನು ಮದರಾಸು ಸರ್ಕಾರಿ ವಸ್ತುಸಂಗ್ರಹಾಲಯವು 1904ರಲ್ಲಿ ಕೊಂಡುಕೊಂಡಿತು.

1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ಫೂಟರು ನಿಧನರಾದರು. ಅವರ ಅಸ್ಥಿಭಸ್ಮವನ್ನು ಯೇರ್ಕಾಡಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿ ಇರಿಸಲಾಯಿತು. ಅವರು ಬರೆದಿಟ್ಟಿದ್ದ ಪಟ್ಟಿ 1914ರಲ್ಲಿಯೂ, ಅದರ ಟಿಪ್ಪಣಿಗಳ ಸಂಪುಟ 1916ರಲ್ಲಿಯೂ ಮದರಾಸಿನಲ್ಲಿ ಅಚ್ಚಾದವು.