ಹ್ಯಾರಿ ವಾರ್ಡನ್ನನ ಬಲಗೈ

ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ರಸ್ತೆಯನ್ನು ಹಿಡಿದು ವೈಟ್‌ಫೀಲ್ಡಿನ ಕಡೆಗೆ ಹೊರಟರೆ, ದೊಮ್ಮಲೂರಿನ ಬಳಿ ವಿಶಾಲವಾದ ಒಂದು ಗಾಲ್ಫ್ ಮೈದಾನವಿದೆ. ಗಾಲ್ಫ್ ನಮ್ಮ ನಾಡಿಗೆ ಹೊಸದಾಗಿ ಬಂದ ಆಟವೇನೂ ಅಲ್ಲ; ಬೆಂಗಳೂರು ಗಾಲ್ಫ್ ಕ್ಲಬ್ಬು ಸ್ಥಾಪನೆಯಾದದ್ದು 1876ರಲ್ಲಿ. ಆದರೂ ನಮ್ಮಲ್ಲಿ ಅನೇಕರಿಗೆ ಅದು ಅಪರಿಚಿತವಾಗಿಯೇ ಉಳಿದಿದೆ. ಓಟವಿಲ್ಲ, ಕೂಗಾಟವಿಲ್ಲ, ಎದುರಾಳಿಯ ಮೈ ಸೋಕುವ ಸಂದರ್ಭವಂತೂ ಇಲ್ಲವೇ ಇಲ್ಲ. ಆಟಗಾರನು ಒಂದು ಚಿಕ್ಕ ಚೆಂಡನ್ನು ಕೋಲಿನಿಂದ ಹೊಡೆದು ಹುಲ್ಲುನೆಲದ ಮೇಲೆ ಸಾಗಿಸುತ್ತಾ, ಕೊನೆಗೆ ನಾಲ್ಕೂಕಾಲು ಅಂಗುಲ ಅಗಲದ ಒಂದು ಕುಳಿಯೊಳಗೆ ಬೀಳಿಸಬೇಕು. ಇಂತಹ ಹದಿನೆಂಟು ಕುಳಿಗಳನ್ನು ಯಾರು ಅತಿ ಕಡಿಮೆ ಹೊಡೆತಗಳಲ್ಲಿ ಮುಗಿಸುವರೋ ಅವರೇ ಗೆದ್ದವರು. ಕುಳಿಯ ಸುತ್ತಲಿನ ನುಣುಪಾದ ಹುಲ್ಲುಹಾಸಿನ ಮೇಲೆ ಚೆಂಡನ್ನು ಮೆಲ್ಲಗೆ ಉರುಳಿಸುವುದಕ್ಕೆ ಪಟ್ ಎಂದು ಹೆಸರು. ಇನ್ನೂರು ಗಜ ಹಾರಿದ ಭಾರಿ ಹೊಡೆತಕ್ಕೂ ಎರಡಡಿ ಉರುಳಿದ ಪಟ್ಟಿಗೂ ಲೆಕ್ಕದಲ್ಲಿ ಬೆಲೆ ಒಂದೇ. ಈ ಆಟದ ಸೊಗಸೂ ಕ್ರೌರ್ಯವೂ ಈ ಒಂದು ನಿಯಮದಲ್ಲಿಯೇ ಅಡಗಿವೆ. ಹ್ಯಾರಿ ವಾರ್ಡನ್ನನಿಗೆ ಇದು ತಿಳಿದಷ್ಟು ಚೆನ್ನಾಗಿ ಇನ್ನಾರಿಗೂ ತಿಳಿದಿರಲಾರದು.

ವಾರ್ಡನ್ ಹುಟ್ಟಿದ್ದು 1870ರ ಮೇ 9ರಂದು, ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಣ ಕಡಲಿನಲ್ಲಿರುವ ಜರ್ಸಿ ಎಂಬ ದ್ವೀಪದ ಗ್ರೂವಿಲ್ ಗ್ರಾಮದಲ್ಲಿ. ತಂದೆ ತೋಟದ ಕೆಲಸದವನು. ಮನೆ ತುಂಬ ಮಕ್ಕಳು, ಸಂಪಾದನೆ ಅಷ್ಟಕ್ಕಷ್ಟೆ. ಹ್ಯಾರಿ ಏಳೆಂಟು ವರ್ಷದವನಾಗಿದ್ದಾಗ ಕೆಲವರು ಅಪರಿಚಿತರು ಬಂದು ಊರಿನ ಕಡಲತಡಿಯ ಬಯಲಿನಲ್ಲಿ ಗಾಲ್ಫ್ ಮೈದಾನವನ್ನು ಗುರುತು ಮಾಡಿದರು. ಊರಿನ ಹುಡುಗರಿಗೆ ಆಟಗಾರರ ಕೋಲುಗಳ ಚೀಲವನ್ನು ಹೊರುವ ಕೆಲಸ ಸಿಕ್ಕಿತು. ಈ ಕೆಲಸ ಮಾಡುವವರನ್ನು ಕ್ಯಾಡಿ ಎನ್ನುತ್ತಾರೆ. ಹೊತ್ತ ಚೀಲದೊಡನೆ ಆಟವನ್ನೂ ಮನಸ್ಸಿನಲ್ಲಿ ಹೊತ್ತು ತಂದ ಆ ಹುಡುಗರು ತಮ್ಮದೇ ಒಂದು ಪುಟ್ಟ ಮೈದಾನವನ್ನು ಮಾಡಿಕೊಂಡರು. ಕೊಳ್ಳಲು ಹಣವೆಲ್ಲಿಯದು? ಮುಳ್ಳುಗಿಡದ ಕೊಂಬೆಯೇ ಕೋಲಾಯಿತು. ಓಕ್ ಮರದ ತುಂಡು ಅದರ ತಲೆಯಾಯಿತು. ದೊಡ್ಡ ಬಿಳಿಯ ಗೋಲಿಯೇ ಚೆಂಡಾಯಿತು. ನಮ್ಮ ಹಳ್ಳಿಯ ಮಕ್ಕಳು ಗೋಲಿಯನ್ನು ಗುಳಿಗೆ ಬೀಳಿಸುವ ಆಟಕ್ಕೂ ಇದಕ್ಕೂ ಬಹಳ ದೂರವಿರಲಿಲ್ಲ. ಬೆಳುದಿಂಗಳ ರಾತ್ರಿಗಳಲ್ಲಿಯೂ ಅವರ ಆಟ ನಡೆಯುತ್ತಿತ್ತು. ಚೀಲ ಹೊತ್ತವರು ಮುಂದೆ ತಾವೇ ಗೆಲ್ಲುವುದು ಈ ಆಟದ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. ಬೆಂಗಳೂರಿನ ಸಿ. ಮುನಿಯಪ್ಪನವರೂ ಕ್ಯಾಡಿಯಾಗಿದ್ದವರೇ, 2009ರಲ್ಲಿ ಅವರು ಇಂಡಿಯನ್ ಓಪನ್ ಪಂದ್ಯಾವಳಿಯನ್ನು ಗೆದ್ದರು.

ಹ್ಯಾರಿಯ ಶಾಲೆ ಬೇಗನೆ ಮುಗಿಯಿತು. ತಂದೆಯಂತೆ ಅವನೂ ತೋಟದ ಕೆಲಸಕ್ಕೆ ಸೇರಿದನು. ಅವನ ತಮ್ಮ ಟಾಮ್ ಮೊದಲು ಇಂಗ್ಲೆಂಡಿಗೆ ಹೋಗಿ, ಗಾಲ್ಫ್ ಆಡಿ ಹಣದ ಬಹುಮಾನ ಪಡೆದನು. ಆ ಸುದ್ದಿ ಕೇಳಿದ ಅಣ್ಣನು ತಾನೂ ತಮ್ಮನಿಗೇನು ಕಡಿಮೆ ಎಂದುಕೊಂಡು, 1890ರಲ್ಲಿ, ತನ್ನ ಇಪ್ಪತ್ತನೆಯ ವಯಸ್ಸಿನಲ್ಲಿ ದ್ವೀಪವನ್ನು ಬಿಟ್ಟು ಹೊರಟನು. ಯಾರ್ಕ್‌ಶೈರಿನ ಒಂದು ಚಿಕ್ಕ ಮೈದಾನದಲ್ಲಿ ಅವನಿಗೆ ಕೆಲಸ ದೊರೆಯಿತು. ಆರೇ ವರ್ಷಗಳಲ್ಲಿ, 1896ರಲ್ಲಿ, ಅವನು ಓಪನ್ ಚಾಂಪಿಯನ್‌ಷಿಪ್ಪನ್ನು ಗೆದ್ದನು. ಅದು ಬ್ರಿಟನ್ನಿನಲ್ಲಿ 1860ರಿಂದ ನಡೆದುಬಂದ, ಗಾಲ್ಫ್ ಲೋಕದ ಅತ್ಯಂತ ಹಳೆಯ ಸ್ಪರ್ಧೆ. ಹಿಂದಿನ ಎರಡು ವರ್ಷಗಳಲ್ಲಿಯೂ ಗೆದ್ದಿದ್ದ ಜೆ. ಎಚ್. ಟೇಲರನೂ ವಾರ್ಡನ್ನನೂ ಸಮನಾಗಿ ನಿಂತಾಗ, ಮತ್ತೆ ಮೂವತ್ತಾರು ಕುಳಿಗಳ ಆಟವಾಡಿಸಿ ವಾರ್ಡನ್ನನ ಗೆಲುವನ್ನು ನಿರ್ಧರಿಸಬೇಕಾಯಿತು. 1898ರಲ್ಲಿಯೂ 1899ರಲ್ಲಿಯೂ ಅವನೇ ಗೆದ್ದನು.

1900ರಲ್ಲಿ ಅವನು ಅಮೆರಿಕದಾದ್ಯಂತ ಸಂಚರಿಸಿ ಎಂಬತ್ತಕ್ಕೂ ಹೆಚ್ಚು ಪಂದ್ಯಗಳನ್ನು ಆಡಿದನು. ಅವನು ಚೆಂಡನ್ನು ಹೊಡೆಯುತ್ತಿದ್ದ ರೀತಿಯಲ್ಲಿ ಬಲಪ್ರಯೋಗದ ಸುಳಿವೇ ಇರುತ್ತಿರಲಿಲ್ಲ. ಕೋಲು ತಾನಾಗಿ ಏರಿ ತಾನಾಗಿ ಇಳಿಯುವಂತೆ ತೋರುತ್ತಿತ್ತು. ಬಲಗೈಯ ಕಿರುಬೆರಳನ್ನು ಎಡಗೈಯ ತೋರುಬೆರಳಿನ ಮೇಲೆ ಇರಿಸಿ ಕೋಲನ್ನು ಹಿಡಿಯುವ ಕ್ರಮವನ್ನು ಅವನು ಜಗತ್ತಿಗೆಲ್ಲ ಪರಿಚಯಿಸಿದನು. ಅದನ್ನು ಮೊದಲು ಬಳಸಿದವನು ಅವನಲ್ಲವಾದರೂ, ಇಂದಿಗೂ ಅದು ವಾರ್ಡನ್ ಹಿಡಿತವೆಂದೇ ಪ್ರಸಿದ್ಧವಾಗಿದೆ. ಆ ವರ್ಷ ಅಮೆರಿಕದ ಓಪನ್ ಪಂದ್ಯಾವಳಿಯನ್ನೂ ಅವನು ಗೆದ್ದನು. ಆಗ ನಡೆದ ಒಂದು ಸಣ್ಣ ಘಟನೆಯನ್ನು ಇಲ್ಲಿ ಹೇಳಬೇಕು. ಕೊನೆಯ ಕುಳಿಯ ಬಳಿ ಚೆಂಡು ಕೆಲವೇ ಅಂಗುಲ ದೂರದಲ್ಲಿತ್ತು. ಗೆಲುವು ಕೈಗೆ ಬಂದಾಗಿತ್ತು. ವಾರ್ಡನ್ ಅಲಕ್ಷ್ಯದಿಂದ ಕೋಲು ಬೀಸಿದನು. ಕೋಲು ಚೆಂಡಿಗೆ ತಾಗಲೇ ಇಲ್ಲ. ಒಂದು ಹೊಡೆತ ನಷ್ಟವಾದರೂ ಪ್ರಶಸ್ತಿಗೆ ಧಕ್ಕೆಯಾಗಲಿಲ್ಲ.

1903ರಲ್ಲಿ ಅವನು ನಾಲ್ಕನೆಯ ಬಾರಿ ಓಪನ್ ಗೆದ್ದನು. ಎರಡನೆಯವನಾಗಿ ಬಂದವನು ತಮ್ಮ ಟಾಮ್. ಆದರೆ ಆ ಗೆಲುವಿನ ದಿನ ವಾರ್ಡನ್ನನಿಗೆ ನಿಲ್ಲಲೂ ತ್ರಾಣವಿರಲಿಲ್ಲ. ಆಟದ ನಡುವೆ ಮೂರ್ಛೆ ಹೋಗುವಂತಾಗಿತ್ತು. ಸ್ವಲ್ಪ ಕಾಲದಲ್ಲಿಯೇ ಅವನು ರಕ್ತ ಕಾರಿದನು. ಕ್ಷಯರೋಗ! ಕ್ಷಯವೆಂದರೆ ಅಂದಿನ ಕಾಲದಲ್ಲಿ ಮೃತ್ಯುವಿನ ಇನ್ನೊಂದು ಹೆಸರು. ನಮ್ಮ ಬೆಳಗಾವಿ ಜಿಲ್ಲೆಯ ಸೂಳೇಭಾವಿಯಲ್ಲಿ ಹುಟ್ಟಿದ ಮಹಾಗಾಯಕ ಕುಮಾರ ಗಂಧರ್ವರು ಇದೇ ರೋಗಕ್ಕೆ ತುತ್ತಾಗಿ, 1947ರ ಸುಮಾರಿನಿಂದ ಐದಾರು ವರ್ಷ ಹಾಡಲಾರದೆ ಮಲಗಿದ್ದರು. ಅವರ ಕಾಲಕ್ಕೆ ಸ್ಟ್ರೆಪ್ಟೊಮೈಸಿನ್ ಎಂಬ ಮದ್ದು ಬಂದಿತ್ತು. ವಾರ್ಡನ್ನನಿಗೆ ಅದೂ ಇರಲಿಲ್ಲ. ಒಳ್ಳೆಯ ಗಾಳಿ, ಒಳ್ಳೆಯ ಆಹಾರ, ವಿಶ್ರಾಂತಿ: ಇವಿಷ್ಟೇ ಅಂದಿನ ಚಿಕಿತ್ಸೆ. ನಾರ್ಫೋಕ್ ಪ್ರಾಂತದ ಮಂಡ್ಸ್ಲಿ ಎಂಬ ಕಡಲತೀರದ ಊರಿನ ಆರೋಗ್ಯಧಾಮದಲ್ಲಿ ಅವನು ಹಲವು ತಿಂಗಳು ಕಳೆದನು. ಚೇತರಿಸಿಕೊಳ್ಳುತ್ತಿದ್ದಾಗ ಅಲ್ಲಿಯ ಚಿಕ್ಕ ಮೈದಾನದಲ್ಲಿ ಮೆಲ್ಲನೆ ಆಡತೊಡಗಿದನು. ಒಂದೇ ಹೊಡೆತಕ್ಕೆ ಚೆಂಡು ನೇರವಾಗಿ ಕುಳಿಗೆ ಬೀಳುವ ಭಾಗ್ಯ ಅವನ ಜೀವಮಾನದಲ್ಲಿ ಒಮ್ಮೆ ಮಾತ್ರ ಒದಗಿತೆಂದೂ, ಅದು ಒದಗಿದ್ದು ಈ ರೋಗಿಗಳ ಮೈದಾನದಲ್ಲೇ ಎಂದೂ ಹೇಳುತ್ತಾರೆ.

ರೋಗ ಹಿಂದೆ ಸರಿಯಿತು. ಆದರೆ ಆಟಕ್ಕೆ ಮರಳಿದ ವಾರ್ಡನ್ನನು ಮೊದಲಿನ ವಾರ್ಡನ್ನನಾಗಿರಲಿಲ್ಲ. ದೂರದ ಹೊಡೆತಗಳು ಎಂದಿನಂತೆಯೇ ಗೆರೆ ಎಳೆದ ಹಾಗೆ ಹೋಗುತ್ತಿದ್ದವು. ತೊಂದರೆಯಿದ್ದದ್ದು ಕುಳಿಯ ಹತ್ತಿರ. ಮೂರು ನಾಲ್ಕು ಅಡಿಯ ಪಟ್ಟಿಗೆ ನಿಂತೊಡನೆ ಅವನ ಬಲಗೈ ಅವನ ಮಾತನ್ನು ಕೇಳುತ್ತಿರಲಿಲ್ಲ. ಚೆಂಡನ್ನು ಮುಟ್ಟುವ ಕ್ಷಣದಲ್ಲಿ ಅದು ತಟಕ್ಕನೆ ಅದುರುತ್ತಿತ್ತು. ಚೆಂಡು ಕುಳಿಯ ಅಂಚನ್ನು ಸವರಿ ಆಚೆಗೆ ಉರುಳುತ್ತಿತ್ತು. ವಿಚಿತ್ರವೇನೆಂದರೆ, ದೂರದ ಪಟ್ಟುಗಳಲ್ಲಿ ಈ ಅದುರು ಕಾಣುತ್ತಿರಲಿಲ್ಲ. ಮಗುವೂ ಬೀಳಿಸಬಹುದಾದ ಪಟ್ಟಿನಲ್ಲಿಯೇ ಜಗತ್ತಿನ ಶ್ರೇಷ್ಠ ಆಟಗಾರನು ಸೋಲುತ್ತಿದ್ದನು. ಅಮೆರಿಕದಲ್ಲಿ ಅಲಕ್ಷ್ಯದಿಂದ ತಪ್ಪಿದ್ದು ಈಗ ಎಷ್ಟು ಲಕ್ಷ್ಯ ಕೊಟ್ಟರೂ ತಪ್ಪತೊಡಗಿತು.

ಈ ತೊಂದರೆಯನ್ನು ಗಾಲ್ಫ್ ಆಟಗಾರರು ಯಿಪ್ಸ್ ಎನ್ನುತ್ತಾರೆ. ವಾರ್ಡನ್ನನ ಆ ದಿನಗಳಲ್ಲಿ ಇದಕ್ಕೆ ಹೆಸರೇ ಇರಲಿಲ್ಲ. ಕೆಲವರಲ್ಲಿ ಇದು ಮನಸ್ಸಿನ ಆತಂಕದಿಂದ ಬರುವುದೆಂದೂ, ಇನ್ನು ಕೆಲವರಲ್ಲಿ ಒಂದೇ ಸೂಕ್ಷ್ಮ ಚಲನೆಯನ್ನು ವರ್ಷಗಟ್ಟಲೆ ಮಾಡಿದ ಕೈಗೂ ಮಿದುಳಿಗೂ ನಡುವಣ ಹೊಂದಾಣಿಕೆ ಕೆಟ್ಟು ಬರುವುದೆಂದೂ ಇಂದಿನ ವೈದ್ಯರು ಹೇಳುತ್ತಾರೆ. ಬಹುಕಾಲ ಬರೆದವರ ಬೆರಳು ಲೇಖನಿ ಹಿಡಿದೊಡನೆ ಸೆಟೆದುಕೊಳ್ಳುವುದುಂಟು; ಇದೂ ಅದೇ ಜಾತಿಯದು. ಹೇಡಿತನಕ್ಕೂ ಇದಕ್ಕೂ ಸಂಬಂಧವಿಲ್ಲ. ಆದರೆ ನೋಡಲು ನೆರೆದ ಸಾವಿರಾರು ಜನರಿಗೆ ಅದನ್ನು ಯಾರು ವಿವರಿಸಬೇಕು?

1904ರಿಂದ 1910ರವರೆಗೆ ಏಳು ಓಪನ್ ಸ್ಪರ್ಧೆಗಳು ನಡೆದವು. ಒಂದನ್ನೂ ವಾರ್ಡನ್ ಗೆಲ್ಲಲಿಲ್ಲ. 1906ರಲ್ಲಿ ಮೂರನೆಯವನಾದದ್ದೇ ಹೆಚ್ಚು. 1909ರಲ್ಲಿ ಮೊದಲ ಇಪ್ಪತ್ತು ಜನರಲ್ಲಿಯೂ ಅವನ ಹೆಸರಿರಲಿಲ್ಲ. ಅಷ್ಟರಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಬ್ರೇಡ್ 1901ರಿಂದ 1910ರೊಳಗೆ ಐದು ಬಾರಿ ಗೆದ್ದು ಎಲ್ಲರನ್ನೂ ಮೀರಿಸಿದನು. ಆಟದ ಉಪಕರಣವೂ ಬದಲಾಗಿತ್ತು. ವಾರ್ಡನ್ ಪಳಗಿದ್ದ ಗಟ್ಟಿ ಚೆಂಡು ಮೂಲೆಗೆ ಸರಿದು, ಒಳಗೆ ರಬ್ಬರಿನ ಎಳೆ ಸುತ್ತಿದ ಚೆಂಡು ಬಂದಿತ್ತು. ಕುಶಲತೆಗೆ ಬೆಲೆ ಕಡಿಮೆಯಾಯಿತೆಂದು ಅವನಿಗೆ ಬೇಸರವಿತ್ತು. ಆದರೂ ಅದಕ್ಕೆ ಒಗ್ಗಿಕೊಂಡನು.

ಈ ಏಳು ವರ್ಷ ಅವನು ಮಾಡಿದ್ದೇನು? ಮೊದಲನೆಯದಾಗಿ, ಆಟವನ್ನು ಬಿಡಲಿಲ್ಲ. ಲಂಡನ್ನಿನ ಉತ್ತರಕ್ಕಿರುವ ಟಾಟರಿಜ್ ಎಂಬಲ್ಲಿಯ ಸೌತ್ ಹರ್ಟ್ಸ್ ಕ್ಲಬ್ಬಿನಲ್ಲಿ ಅವನಿಗೆ ಆಟ ಕಲಿಸುವ ಕೆಲಸವಿತ್ತು. ಅದನ್ನು ಮಾಡಿಕೊಂಡೇ ಊರೂರಿನ ಪಂದ್ಯಗಳಿಗೆ ಹೋಗುತ್ತಿದ್ದನು. ಸುಲಭದ ಪಟ್ಟು ತಪ್ಪಿದಾಗ ಜನ ಹಾಕುತ್ತಿದ್ದ ನಿಟ್ಟುಸಿರನ್ನು ಕೇಳಿಸಿಕೊಂಡು ಮುಂದಿನ ಕುಳಿಗೆ ನಡೆಯುತ್ತಿದ್ದನು. ಕೋಲುಗಳನ್ನು ಬದಲಿಸಿದನು, ನಿಲುವನ್ನು ಬದಲಿಸಿದನು, ಹಿಡಿತವನ್ನು ಬದಲಿಸಿದನು. ಯಾವುದೂ ಶಾಶ್ವತವಾದ ಪರಿಹಾರವಾಗಲಿಲ್ಲ. ತನ್ನ ಕೊರತೆಯನ್ನು ಅವನು ಮುಚ್ಚಿಡಲೂ ಇಲ್ಲ. 1912ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ, ಬಲಗೈ ಯಾವ ಕ್ಷಣದಲ್ಲಿ ಹಾರುವುದೋ ಎಂದು ಕಾಯುತ್ತಾ ನಿಲ್ಲುವ ಆ ಸಂಕಟವನ್ನು ಬಿಚ್ಚಿ ಬರೆದನು. ಆಟ ಕಲಿಸಿ ಬದುಕುವವನು ತನಗೇ ಬಾರದುದನ್ನು ಅಚ್ಚುಹಾಕಿಸುವುದು ಸಾಮಾನ್ಯವಾದ ಧೈರ್ಯವಲ್ಲ.

ಕೈ ವಾಸಿಯಾಗದಿದ್ದರೂ ಅವನ ಆಟದ ಉಳಿದ ಭಾಗ ಅದರೊಡನೆ ಕೆಡಲಿಲ್ಲ. ಬಹುಮಂದಿ ಆಟಗಾರರಿಗೆ ಒಂದು ಕಡೆ ತಪ್ಪಿದರೆ ಆ ಭಯ ಎಲ್ಲ ಕಡೆಗೂ ಹಬ್ಬುತ್ತದೆ. ವಾರ್ಡನ್ನನಲ್ಲಿ ಹಾಗಾಗಲಿಲ್ಲ. ದೂರದಿಂದಲೇ ಚೆಂಡನ್ನು ಕುಳಿಯ ಬಳಿಗೆ ತಂದು ನಿಲ್ಲಿಸಿದರೆ ಕೈ ಅದುರಿದರೂ ಉಳಿದವರಿಗಿಂತ ಹಿಂದೆ ಬೀಳಬೇಕಾಗಿಲ್ಲ. ಪಟ್ಟಿನಲ್ಲಿ ಕಳೆದುದನ್ನು ಅವನು ಹೀಗೆ ಬೇರೆ ಹೊಡೆತಗಳಲ್ಲಿ ಗಳಿಸುತ್ತಾ ಬಂದನು. ಈ ಲೆಕ್ಕ ಕೂಡಿಬರಲು ವರ್ಷಗಳೇ ಬೇಕಾದವು.

1911ರಲ್ಲಿ ಸ್ಯಾಂಡ್‌ವಿಚ್ ಎಂಬ ಊರಿನ ಮೈದಾನದಲ್ಲಿ ಓಪನ್ ನಡೆಯಿತು. ವಾರ್ಡನ್ನನಿಗೆ ನಲವತ್ತೊಂದು ವರ್ಷ. ಮೊದಲ ಮೂರು ಸುತ್ತು ಚೆನ್ನಾಗಿ ಆಡಿದವನು ಕೊನೆಯ ಸುತ್ತಿಗೆ 80 ಹೊಡೆತ ತೆಗೆದುಕೊಂಡನು. ಫ್ರಾನ್ಸಿನ ಆರ್ನೋ ಮಾಸಿ ಅವನ ಸಮಕ್ಕೆ ಬಂದನು. ಮತ್ತೆ ಮೂವತ್ತಾರು ಕುಳಿಗಳ ಆಟ. ಈ ಬಾರಿ ವಾರ್ಡನ್ ಎಷ್ಟು ಮುಂದೆ ಹೋದನೆಂದರೆ, ಮೂವತ್ತೈದನೆಯ ಕುಳಿಯಲ್ಲಿ ಮಾಸಿಯು ಸೋಲೊಪ್ಪಿಕೊಂಡು ಆಟ ನಿಲ್ಲಿಸಿದನು. ಎಂಟು ವರ್ಷಗಳ ಮೇಲೆ ಪ್ರಶಸ್ತಿ ವಾರ್ಡನ್ನನ ಕೈಗೆ ಮರಳಿತು. ಅದುರುವ ಅದೇ ಕೈಗೆ.

1913ರಲ್ಲಿ ಅವನು ಮತ್ತೆ ಅಮೆರಿಕಕ್ಕೆ ಹೋದನು. ಬ್ರೂಕ್‌ಲೈನ್ ಎಂಬಲ್ಲಿ ಫ್ರಾನ್ಸಿಸ್ ವಿಮೆಟ್ ಎಂಬ ಇಪ್ಪತ್ತು ವರ್ಷದ ತರುಣನು ವಾರ್ಡನ್ನನನ್ನೂ ಟೆಡ್ ರೇ ಎಂಬ ಇನ್ನೊಬ್ಬ ಹೆಸರಾಂತ ಆಟಗಾರನನ್ನೂ ಸೋಲಿಸಿ ಜಗತ್ತನ್ನು ಬೆರಗುಗೊಳಿಸಿದನು. ವಿಮೆಟ್ ಕೂಡ ಬಾಲ್ಯದಲ್ಲಿ ಕ್ಯಾಡಿಯಾಗಿದ್ದವನು. ಅಂದು ಅವನ ಚೀಲ ಹೊತ್ತವನು ಹತ್ತು ವರ್ಷದ ಹುಡುಗ.

1914ರ ಓಪನ್ ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್‌ನಲ್ಲಿ ನಡೆಯಿತು. ಅಷ್ಟು ಹೊತ್ತಿಗೆ ವಾರ್ಡನ್, ಟೇಲರ್, ಬ್ರೇಡ್ ಮೂವರೂ ಐದೈದು ಬಾರಿ ಗೆದ್ದಿದ್ದರು. ಕೊನೆಯ ದಿನ ವಾರ್ಡನ್ನನೂ ಟೇಲರನೂ ಜೊತೆಯಾಗಿ ಆಡಬೇಕಾಯಿತು. ಹಿಂದೆ ಬರುತ್ತಿದ್ದ ಜನಸಾಗರದ ನಡುವೆ ದಾರಿ ಸಿಗುವುದೇ ಕಷ್ಟವಾಗಿತ್ತು. ಮೂರನೆಯ ಸುತ್ತಿನ ಕೊನೆಗೆ ಟೇಲರ್ ಎರಡು ಹೊಡೆತ ಮುಂದಿದ್ದನು. ನಾಲ್ಕನೆಯ ಸುತ್ತಿನಲ್ಲಿ ಅವನು ನಾಲ್ಕನೆಯ ಕುಳಿಗೆ ಏಳು ಹೊಡೆತ ತೆಗೆದುಕೊಂಡನು. ಅಲ್ಲಿಂದ ಅವನ ಆಟ ಕುಸಿಯಿತು. ವಾರ್ಡನ್ ಆ ಸುತ್ತನ್ನು 78ರಲ್ಲಿ ಮುಗಿಸಿದನು. ಟೇಲರನಿಗೆ 83 ಹಿಡಿಯಿತು. ಮೂರು ಹೊಡೆತಗಳ ಅಂತರದಿಂದ ವಾರ್ಡನ್ ಆರನೆಯ ಬಾರಿ ಗೆದ್ದನು. ಆರು ಬಾರಿ ಓಪನ್ ಗೆದ್ದವರು ಅವನ ಹೊರತು ಇಂದಿಗೂ ಬೇರೆ ಯಾರೂ ಇಲ್ಲ. ಕೆಲವೇ ವಾರಗಳಲ್ಲಿ ಮಹಾಯುದ್ಧ ಆರಂಭವಾಗಿ ಐದು ವರ್ಷ ಸ್ಪರ್ಧೆಯೇ ನಡೆಯಲಿಲ್ಲ.

1920ರಲ್ಲಿ, ಐವತ್ತರ ವಯಸ್ಸಿನಲ್ಲಿ, ಅವನು ಅಮೆರಿಕದ ಓಪನ್ ಪಂದ್ಯಾವಳಿಗೆ ಕೊನೆಯ ಬಾರಿ ಹೋದನು. ಟೊಲೀಡೊ ನಗರದ ಮೈದಾನದಲ್ಲಿ ಇನ್ನು ಏಳು ಕುಳಿಗಳಷ್ಟೇ ಉಳಿದಿದ್ದಾಗ ಅವನೇ ಎಲ್ಲರಿಗಿಂತ ಮುಂದಿದ್ದನು. ಆಗ ಸರೋವರದ ಕಡೆಯಿಂದ ಬಿರುಗಾಳಿ ಎದ್ದಿತು. ದಣಿದ ದೇಹಕ್ಕೆ ಗಾಳಿಯೊಡನೆ ಹೋರಾಡುವ ಶಕ್ತಿ ಉಳಿದಿರಲಿಲ್ಲ. ಹತ್ತಿರದ ಪಟ್ಟುಗಳು ಮತ್ತೆ ಕೈಕೊಟ್ಟವು. ಒಂದೇ ಒಂದು ಹೊಡೆತದಿಂದ ಗೆಲುವು ಟೆಡ್ ರೇಯ ಪಾಲಾಯಿತು. ವಾರ್ಡನ್ ಟಾಟರಿಜ್‌ಗೆ ಹಿಂದಿರುಗಿ ಎಂದಿನಂತೆ ಕ್ಲಬ್ಬಿನ ಸದಸ್ಯರಿಗೆ ಆಟ ಕಲಿಸತೊಡಗಿದನು. 1937ರ ಮಾರ್ಚ್ 20ರಂದು ತೀರಿಕೊಳ್ಳುವವರೆಗೂ ಅವನು ಆ ಕ್ಲಬ್ಬಿನವನಾಗಿಯೇ ಇದ್ದನು. ಅಲ್ಲಿಯ ಸೇಂಟ್ ಆಂಡ್ರೂಸ್ ಚರ್ಚಿನ ಅಂಗಳದಲ್ಲಿ ಅವನ ಸಮಾಧಿಯಿದೆ.