ಬಾವಿಯ ಬಳಿಯ ಸ್ತ್ರೀಯೂ ಪಂಡಿತಾ ರಮಾಬಾಯಿಯವರೂ

ಶಿವಮೊಗ್ಗೆಯ ತುಂಗೆಯೂ ಭದ್ರಾವತಿಯ ಭದ್ರೆಯೂ ಹುಟ್ಟುವ ಗಂಗಾಮೂಲದ ಅಡವಿಯಲ್ಲಿಯೇ 1858ನೆಯ ಇಸವಿಯಲ್ಲಿ ಪಂಡಿತಾ ರಮಾಬಾಯಿಯವರು ಹುಟ್ಟಿದರು. ತಂದೆಯಾದ ಅನಂತಶಾಸ್ತ್ರಿಗಳು ಹೆಂಡತಿಗೆ ಸಂಸ್ಕೃತವನ್ನು ಕಲಿಸಿದರು. ಆ ತಾಯಿಯಿಂದ ಮಗಳು ಕಲಿತರು. ಕ್ಷಾಮದಲ್ಲಿ ತಂದೆತಾಯಿಗಳು ತೀರಿಕೊಂಡರು. 1882ರಲ್ಲಿ ಗಂಡನೂ ತೀರಿಕೊಳ್ಳಲು, ಮರುವರುಷ ಕೂಸನ್ನೆತ್ತಿಕೊಂಡು ಇಂಗ್ಲೆಂಡಿಗೆ ಹೋದರು.

ಲಂಡನ್ ಪಟ್ಟಣದ ಫುಲ್ಹಮಿನಲ್ಲಿ ಕ್ರೈಸ್ತ ಸಹೋದರಿಯರು ನಡಿಸುತ್ತಿದ್ದ ಒಂದು ಮನೆಯನ್ನು ಅವರು ನೋಡಿದರು. ಹಿಂದೆ ದಾರಿತಪ್ಪಿದ್ದ ಸ್ತ್ರೀಯರು ಅಲ್ಲಿ ಮಾನದಿಂದ ಬಾಳುತ್ತಾ ರೋಗಿಗಳ ಸೇವೆಮಾಡುತ್ತಿದ್ದರು. ಇಂಥವರನ್ನು ತಳ್ಳಿಬಿಡುವದನ್ನೇ ಕಂಡಿದ್ದ ಪಂಡಿತೆಯವರಿಗೆ ಇದು ಸೋಜಿಗವಾಯಿತು. ಕಾರಣವನ್ನು ಕೇಳಲಾಗಿ, ಕರ್ತನು ಬಾವಿಯ ಬಳಿ ಸಮಾರ್ಯದ ಸ್ತ್ರೀಯೊಡನೆ ಮಾತಾಡಿದ ಸಂಗತಿಯನ್ನು ಒಬ್ಬ ಸಹೋದರಿಯು ಓದಿ ತಿಳಿಸಿದಳು. ಆ ವರುಷವೇ ತಾಯಿಮಗಳಿಬ್ಬರೂ ದೀಕ್ಷಾಸ್ನಾನ ಹೊಂದಿದರು.

ಇಲ್ಲಿಗೇ ಮುಗಿಯಿತೆಂದು ಎಣಿಸಬಾರದು. ಎಂಟು ವರುಷಗಳ ಮೇಲೆ, ತಾವು ಮತವನ್ನು ಹಿಡಿದಿದ್ದರೂ ರಕ್ಷಕನನ್ನು ಹಿಡಿಯಲಿಲ್ಲವೆಂದು ಅವರಿಗೆ ತೋರಿತು. ಬಿರುದುಗಳುಳ್ಳ ಪಂಡಿತೆಯವರು ಬರೀ ಪಾಪಿಯಾಗಿ ಕರ್ತನ ಪಾದಕ್ಕೆ ಬಂದರು. ಅವರ ಜೀವನದಲ್ಲಿ ನಾವು ಇದನ್ನೇ ದೊಡ್ಡದೆಂದು ಎಣಿಸುತ್ತೇವೆ, ಬಿರುದುಗಳನ್ನಲ್ಲ. ಫುಲ್ಹಮಿನ ಸ್ತ್ರೀಯರೂ ಅವರೂ ಒಂದೇ ಬಾಗಿಲಿಂದ ಒಳಗೆ ಬಂದರಷ್ಟೆ.

ಪುಣೆಯ ಹತ್ತಿರದ ಕೇಡಗಾಂವದಲ್ಲಿ ಮುಕ್ತಿ ಎಂಬ ಆಶ್ರಮವನ್ನು ಕಟ್ಟಿ, ಕ್ಷಾಮದಿಂದ ದಿಕ್ಕೆಟ್ಟ ನೂರಾರು ಹುಡುಗಿಯರನ್ನು ಸೇರಿಸಿಕೊಂಡರು. ಊರು ಹೊರಹಾಕಿದ ಸ್ತ್ರೀಯರಿಗೆಂದೇ ಅಲ್ಲಿ ಕೃಪಾಸದನವನ್ನೂ ಮಾಡಿದರು. ನಮ್ಮ ಕಲಬುರ್ಗಿಯಲ್ಲಿಯೂ ಶಾಲೆಯನ್ನು ತೆರೆದರು. ಕಡೆಯ ವರುಷಗಳಲ್ಲಿ ಸತ್ಯವೇದವನ್ನು ಸುಲಭವಾದ ಮರಾಠಿಗೆ ತಿರುಗಿಸುತ್ತಿದ್ದರು. 1921ರಲ್ಲಿ ಮಗಳು ಮನೋರಮೆಯು ತೀರಿಕೊಂಡಳು; 1922ನೆಯ ಎಪ್ರಿಲ್ 5ರಂದು ತಾಯಿಯೂ ಕರ್ತನಲ್ಲಿ ನಿದ್ರೆಹೋದರು. ಆ ಭಾಷಾಂತರವನ್ನು ಆಶ್ರಮದ ಅಚ್ಚುಕೂಟದಲ್ಲಿ ಹೆಣ್ಣುಮಕ್ಕಳೇ ಅಚ್ಚುಹಾಕಿದರು.